ಹೃದಯ ಶುದ್ಧವಾಗಿ ಇಟ್ಕೊಳ್ಳೋದು ಹೇಗೆ? ಕ್ರೈಸ್ತರಿಗೆ ದಿನಾ ಮಾಡೋ ಎಂಟು ಕೆಲಸ

"ಬ್ರದರ್, ಚರ್ಚಿಗೆ ಹೋಗ್ತೀನಿ, ಉಪವಾಸ ಇರ್ತೀನಿ, ಆದ್ರೂ ಮನಸ್ಸಲ್ಲಿ ಕೆಟ್ಟ ಯೋಚ್ನೆ ನಿಲ್ತಿಲ್ಲ, ಏನ್ ಮಾಡ್ಲಿ?" ಈ ಪ್ರಶ್ನೆ ನಂಗೆ ಎಷ್ಟು ಸಲ ಬಂದಿದೆ ಅಂದ್ರೆ ಒಬ್ಬೊಬ್ರಿಗೇ ಉತ್ರ ಬರ್ದು ಸಾಕಾಯ್ತು, ಅದಕ್ಕೆ ಒಂದೇ ಕಡೆ ಬರೀತಿದೀನಿ. ನಾನು ಫಾದರೂ ಅಲ್ಲ ಪಾಸ್ಟರೂ ಅಲ್ಲ, ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ರೈಟರ್ ಕೆಲಸ, ಅಂದ್ರೆ ಹಾಜರಿ, ತೂಕ, ಬಟವಾಡೆ ಲೆಕ್ಕ ಬರೆಯೋನು. ಭಾನುವಾರ ಯುವಕರ ಜೊತೆ ಕೂತು ಬೈಬಲ್ ಓದ್ತೀವಿ, ಅಷ್ಟೇ ನನ್ನ ಅರ್ಹತೆ. ಕಥೋಲಿಕರಿಗೂ ಸಿ.ಎಸ್.ಐ.ನವರಿಗೂ (ಚರ್ಚ್ ಆಫ್ ಸೌತ್ ಇಂಡಿಯಾ) ಬೇರೆ ಸಭೆಯವರಿಗೂ ಆಗೋ ಹಾಗೆ ಬರ್ದಿದೀನಿ, ನಿಮ್ಮ ಪದ್ಧತಿಗೆ ತಕ್ಕ ಹಾಗೆ ಹೊಂದಿಸ್ಕೊಳ್ಳಿ.

ಮೊದಲು, ಶುದ್ಧ ಅಂದ್ರೆ ಏನು

ಇದು ತಿಳೀದೆ ಮುಂದೆ ಹೋದ್ರೆ ಉಪಯೋಗ ಇಲ್ಲ ಕಣ್ರೀ. ಮತ್ತಾಯ 5:8ರಲ್ಲಿ "ನಿರ್ಮಲಚಿತ್ತರು ಧನ್ಯರು" ಅಂತ ಇದೆಯಲ್ಲ, ಅಲ್ಲಿ ಮೂಲ ಗ್ರೀಕ್‌ನಲ್ಲಿ ಇರೋ ಪದ ಕಥರೋಸ್. ಅದಕ್ಕೆ ಕೊಳೆ ಇಲ್ಲದ್ದು ಅಂತಲೂ ಅರ್ಥ, ಬೇರೇನೂ ಬೆರೆಸದ್ದು ಅಂತಲೂ ಅರ್ಥ. ನಾವೆಲ್ಲ ಮೊದಲನೇ ಅರ್ಥ ಮಾತ್ರ ಹಿಡ್ಕೊಂಡು ಒದ್ದಾಡ್ತೀವಿ. ಎರಡನೇದು ನಮ್ಮ ಊರಿನವರಿಗೆ ಹೇಳಿಕೊಡೋದೇ ಬೇಡ, ಚಿಕ್ಕಮಗಳೂರಲ್ಲಿ ಕಾಫಿ ಪುಡಿ ತಗೊಳ್ಳೋಕೆ ಹೋದ್ರೆ "ಪ್ಯೂರಾ, ಚಿಕೋರಿ ಹಾಕ್ಲಾ" ಅಂತ ಕೇಳ್ತಾರಲ್ಲ, ಅದೇ. ಚಿಕೋರಿ ವಿಷ ಅಲ್ಲ, ಕಸ ಅಲ್ಲ, ಒಂದು ಬೇರಿನ ಪುಡಿ, ಆದ್ರೆ ಅದು ಕಾಫಿ ಅಲ್ಲ. ಪ್ಯಾಕೆಟ್ ಮೇಲೆ ಮಿಶ್ರಣ ಎಷ್ಟು ಅಂತ ಪ್ರಿಂಟ್ ಮಾಡ್ಲೇಬೇಕು, ಕಾಫಿ ಕಮ್ಮಿ ಅಂದ್ರೂ 51 ಪರ್ಸೆಂಟ್ ಇರ್ಲೇಬೇಕು ಅಂತ ಕಾನೂನಿದೆ. ನಮ್ಮ ಮನಸ್ಸಿನ ಪ್ಯಾಕೆಟ್ ಮೇಲೆ ಯಾರೂ ಪ್ರಿಂಟ್ ಮಾಡಲ್ಲ. ಬಡವರಿಗೆ ಅಕ್ಕಿ ಕೊಡ್ತೀವಿ, ಅದ್ರಲ್ಲಿ ದೇವರ ಪ್ರೀತಿ ಎಷ್ಟು, ಫೋಟೋ ಹಾಕೋ ಆಸೆ ಎಷ್ಟು? ಯಾಕೋಬನ ಪತ್ರ 4:8ರಲ್ಲಿ ಹೃದಯ ನಿರ್ಮಲ ಮಾಡ್ಕೊಳ್ಳಿ ಅಂತ ಹೇಳೋದು ಯಾರಿಗೆ ನೋಡಿ, ಎರಡು ಮನಸ್ಸಿನವರಿಗೆ.

ಇನ್ನೊಂದು ವಿಷ್ಯ. ಬೈಬಲ್‌ನಲ್ಲಿ ಹೃದಯ ಅಂದ್ರೆ ಬರೀ ಭಾವನೆ ಅಲ್ಲ. ಹೀಬ್ರೂ ಭಾಷೆಯ "ಲೇಬ್" ಅನ್ನೋ ಪದ ಯೋಚ್ನೆ ಮಾಡೋ, ತೀರ್ಮಾನ ತಗೊಳ್ಳೋ ಜಾಗನೂ ಹೌದು. ಅದಕ್ಕೇ ಹಾಡು ಹಾಡ್ವಾಗ ಕಣ್ಣಲ್ಲಿ ನೀರು ಬಂತು ಅಂದ್ಮಾತ್ರಕ್ಕೆ ಹೃದಯ ಶುದ್ಧ ಆಯ್ತು ಅಂತ ಲೆಕ್ಕ ಹಾಕ್ಬೇಡಿ, ಸೋಮವಾರ ಬೆಳಿಗ್ಗೆ ಏನು ತೀರ್ಮಾನ ತಗೋತೀರಿ ಅನ್ನೋದನ್ನ ನೋಡಿ.

ಬೇಕಾಗಿರೋ ಸಾಮಾನು

ಒಂದು ಬೈಬಲ್, ಪುಸ್ತಕನೇ ಆದ್ರೆ ಒಳ್ಳೇದು, ಮೊಬೈಲಲ್ಲಿ ಓದೋಕೆ ಹೋದ್ರೆ ಮೇಲಿಂದ ನೋಟಿಫಿಕೇಶನ್ ಬೀಳುತ್ತೆ. ಒಂದು 20 ರೂಪಾಯಿ ನೋಟ್‌ಬುಕ್. ಬೆಳಿಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ. ಆಮೇಲೆ ನಿಮ್ಮ ನಿಜ ಹೇಳ್ಕೊಳ್ಳೋಕೆ ಒಬ್ಬ ಮನುಷ್ಯ. ಈ ಕೊನೇದೇ ಕಷ್ಟ, ಅದರ ಬಗ್ಗೆ 8ನೇ ಹಂತದಲ್ಲಿ ಹೇಳ್ತೀನಿ.

1. ಬೆಳಿಗ್ಗೆ ಎದ್ದ ತಕ್ಷಣ ಕೇಳ್ಕೊಳ್ಳಿ

ಕೀರ್ತನೆ 51:10 ಬಾಯಿಪಾಠ ಮಾಡ್ಕೊಳ್ಳಿ, ದೇವರೇ ನನ್ನಲ್ಲಿ ಶುದ್ಧ ಹೃದಯ ಉಂಟುಮಾಡು ಅನ್ನೋ ಪ್ರಾರ್ಥನೆ. ದಾವೀದ ರಾಜ ಬತ್ಷೆಬೆ ಅನ್ನೋ ಬೇರೆಯವನ ಹೆಂಡ್ತಿ ವಿಷ್ಯದಲ್ಲಿ ತಪ್ಪು ಮಾಡಿ, ಅವಳ ಗಂಡನ್ನ ಯುದ್ಧದಲ್ಲಿ ಸಾಯೋ ಹಾಗೆ ಮಾಡಿ, ನಾತಾನ್ ಪ್ರವಾದಿ ಬಂದು ಮುಖಕ್ಕೆ ಹೇಳಿದ್ಮೇಲೆ ಮಾಡಿದ ಪ್ರಾರ್ಥನೆ ಇದು, ಬತ್ಷೆಬೆ, ನಾತಾನ್ ಹೆಸರು ಆ ಕೀರ್ತನೆಯ ತಲೆಬರಹದಲ್ಲೇ ಇದೆ. ಅಲ್ಲಿ "ಉಂಟುಮಾಡು" ಅನ್ನೋದಕ್ಕೆ ಹೀಬ್ರೂನಲ್ಲಿ "ಬಾರಾ" ಅನ್ನೋ ಕ್ರಿಯಾಪದ, ಆದಿಕಾಂಡದ ಮೊದಲನೇ ವಾಕ್ಯದಲ್ಲಿ ಆಕಾಶ ಭೂಮಿ ಸೃಷ್ಟಿ ಮಾಡಿದ್ದಕ್ಕೆ ಇರೋದೂ ಅದೇ ಪದ. ಅಂದ್ರೆ ದಾವೀದ ನನ್ನ ಹೃದಯ ತೊಳ್ದು ಪಾಲಿಶ್ ಮಾಡು ಅಂತಷ್ಟೇ ಕೇಳ್ಲಿಲ್ಲ, ಹೊಸದಾಗೇ ಮಾಡ್ಕೊಡು ಅಂದ. ಕೊಡೋದು ದೇವರ ಕೆಲಸ, ಕೊಟ್ಟದ್ದನ್ನ ಕಾಪಾಡ್ಕೊಳ್ಳೋದು (ಜ್ಞಾನೋಕ್ತಿ 4:23) ನಮ್ಮ ಕೆಲಸ, ಇದನ್ನ ಉಲ್ಟಾ ಮಾಡ್ಕೊಂಡವರು ಎರಡು ತಿಂಗಳಲ್ಲಿ ಸುಸ್ತಾಗಿ ಎಲ್ಲಾ ಬಿಟ್ಬಿಡ್ತಾರೆ.

ಎಚ್ಚರಿಕೆ: ಇದು ಮೊಬೈಲ್ ಮುಟ್ಟೋಕೆ ಮುಂಚೆ ಆಗ್ಬೇಕು. ಮುಟ್ಟಿದ್ಮೇಲೆ ಆಗಲ್ಲ, ಟ್ರೈ ಮಾಡಿ ನೋಡಿದೀನಿ.

2. ಎಲ್ಲಿ ಹುಳ ಹೊಕ್ಕಿದೆ ಅಂತ ಪತ್ತೆ ಮಾಡಿ

ಅರೇಬಿಕಾ ತೋಟ ಇರೋರಿಗೆ ಬಿಳಿ ಕಾಂಡಕೊರಕ ಗೊತ್ತು, ನಾವು ಬೋರರ್ ಅಂತೀವಿ. ಹುಳ ಕಾಂಡದ ಒಳಗೆ ತಿಂಗಳುಗಟ್ಲೆ ಕೊರೀತಾ ಇರುತ್ತೆ, ಗಿಡ ದೂರದಿಂದ ನೋಡಿದ್ರೆ ಚೆನ್ನಾಗೇ ಇರುತ್ತೆ. ಎಲೆ ಹಳದಿ ಆದ್ಮೇಲೆ ನೋಡಿದ್ರೆ ತಡ ಆಯ್ತು. ಅದಕ್ಕೇ ಕಾಂಡದ ಮೇಲೆ ಉಬ್ಬು ಗೆರೆ ಎದ್ದಿದೆಯಾ ಅಂತ ಒಂದೊಂದೇ ಗಿಡ ಮುಟ್ಟಿ ನೋಡ್ಕೊಂಡು ಹೋಗ್ತಾರೆ, ಸಿಕ್ಕಿದ ಗಿಡ ಕಿತ್ತು ಸುಡ್ತಾರೆ. ಇದಕ್ಕೆ ಟ್ರೇಸಿಂಗ್ ಅಂತಾರೆ. ನೀವೂ ಅದೇ ಮಾಡ್ಬೇಕು.

ಪಟ್ಟಿ ಯೇಸು ಸ್ವಾಮಿನೇ ಕೊಟ್ಟಿದಾರೆ, ಮಾರ್ಕ 7:21-22. ಮನುಷ್ಯನ ಒಳಗಿಂದ ಬರೋ ಕೆಟ್ಟ ಯೋಚ್ನೆ ಅಂತ ಶುರು ಮಾಡಿ 12 ಹೆಸರು ಹೇಳ್ತಾರೆ: ಹಾದರ, ಕಳ್ಳತನ, ಕೊಲೆ, ವ್ಯಭಿಚಾರ, ದುರಾಸೆ, ಕೆಡುಕುತನ, ಮೋಸ, ಭಂಡತನ, ಹೊಟ್ಟೆಕಿಚ್ಚು, ನಿಂದೆ, ಸೊಕ್ಕು, ಬುದ್ಧಿಗೇಡಿತನ. ನೋಟ್‌ಬುಕ್‌ನಲ್ಲಿ 12 ಸಾಲು ಬರ್ಕೊಂಡು, ಹೋದ ವಾರ ಯಾವುದು ಎಲ್ಲಿ ಬಂತು ಅಂತ ಎದುರಿಗೆ ಒಂದೊಂದು ಪದ ಬರೀರಿ. "ಹೊಟ್ಟೆಕಿಚ್ಚು: ಭಾವನ ಹೊಸ ಕಾರು", ಅಷ್ಟು ಸಾಕು.

ಈಗ ಆ 12ರಲ್ಲಿ ಹೆಣ್ಣು ಗಂಡಿನ ವಿಷ್ಯ ಎಷ್ಟಿದೆ ಎಣಿಸಿ. ಮೂರು. ನಂಗೆ ಪ್ರಶ್ನೆ ಕೇಳೋರೆಲ್ಲ ಆ ಮೂರರ ಬಗ್ಗೆನೇ ಕೇಳ್ತಾರೆ, ಉಳಿದ ಒಂಬತ್ತರ ಬಗ್ಗೆ ಇವತ್ತಿನ ತನಕ ಒಬ್ರೂ ಕೇಳಿಲ್ಲ. ಚಾಡಿ ಹೇಳೋ ಅಭ್ಯಾಸ ಬಿಡೋದು ಹೇಗೆ ಬ್ರದರ್ ಅಂತ ಯಾರಾದ್ರೂ ಕೇಳಿದ್ರೆ ಕಾಫಿ ಕುಡಿಸ್ತೀನಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಲವತ್ತು ದಿನ ಮಾಂಸ ಬಿಟ್ಟು, ಜಗಲಿ ಮೇಲೆ ಕೂತು ಪಕ್ಕದ್ಮನೆಯವರ ಮಾಂಸ ಕಿತ್ತು ತಿನ್ನೋದು ನಮ್ಮಲ್ಲಿ ಕಮ್ಮಿ ಏನಿಲ್ಲ.

3. ಯೋಚ್ನೆ ಬರೋದು ಬೇರೆ, ಅದನ್ನ ಕೂರ್ಸಿ ಊಟ ಹಾಕೋದು ಬೇರೆ

ಇಲ್ಲೇ ಜಾಸ್ತಿ ಜನ ಎಡವೋದು. ಕೆಟ್ಟ ಯೋಚ್ನೆ ಬಂದ ತಕ್ಷಣ "ಅಯ್ಯೋ ನಾನು ಪಾಪ ಮಾಡ್ದೆ" ಅಂತ ಕುಗ್ಗಿ ಹೋಗ್ತಾರೆ, ಹೇಗೂ ಪಾಪ ಆಯ್ತಲ್ಲ ಅಂತ ಅದ್ರಲ್ಲೇ ಮುಂದುವರೀತಾರೆ. ಯಾಕೋಬ 1:14-15 ನಿಧಾನವಾಗಿ ಓದಿ, ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇದೆ: ಆಸೆ ಎಳೆಯುತ್ತೆ, ಆಮೇಲೆ ಆಸೆ ಬಸುರಾಗುತ್ತೆ, ಆಮೇಲೆ ಪಾಪ ಹುಟ್ಟುತ್ತೆ, ಪಾಪ ಬೆಳೆದು ಮರಣಕ್ಕೆ ಹೋಗುತ್ತೆ. ಯೇಸು ಸ್ವಾಮಿಗೇ ಅಡವಿಯಲ್ಲಿ ಶೋಧನೆ ಬಂತು, ಶೋಧನೆ ಅಂದ್ರೆ ತಪ್ಪಿನ ಕಡೆ ಸೆಳೆಯೋ ಪರೀಕ್ಷೆ, ಆದ್ರೂ ಅವರಲ್ಲಿ ಪಾಪ ಇರ್ಲಿಲ್ಲ. ಹಾಗಾಗಿ ಯೋಚ್ನೆ ಬಂದ್ರೆ ಗಾಬರಿ ಬೇಡ.

ಏನ್ ಮಾಡ್ಬೇಕು ಅಂದ್ರೆ, ಅದಕ್ಕೆ ಹೆಸರು ಹೇಳಿ ("ಇದು ಹೊಟ್ಟೆಕಿಚ್ಚು"), ಒಂದು ಸಣ್ಣ ಪ್ರಾರ್ಥನೆ ಮಾಡಿ ("ಕರ್ತನೇ ಕರುಣಿಸು" ಸಾಕು), ಎದ್ದು ಜಾಗ ಬದಲಾಯಿಸಿ. ಜಾಗ ಬದಲಾಯಿಸೋದು ಮುಖ್ಯ, ಕೂತ ಜಾಗದಲ್ಲೇ ಕೂತು ಯೋಚ್ನೆ ಜೊತೆ ವಾದ ಮಾಡ್ಬೇಡಿ, ಸೋಲ್ತೀರಿ. ಯಜಮಾನ ಪೋತೀಫರನ ಹೆಂಡ್ತಿ ತಪ್ಪಿಗೆ ಕರೆದು ಬಟ್ಟೆ ಹಿಡಿದಾಗ, ಆ ಮನೆಯಲ್ಲಿ ಆಳಾಗಿದ್ದ ಯೋಸೇಫ ಚರ್ಚೆ ಮಾಡ್ಲಿಲ್ಲ, ಬಟ್ಟೆ ಬಿಟ್ಟು ಓಡ್ದ.

ನೀವು ಯಾವಾಗ ವೀಕ್ ಅಂತನೂ ನೋಟ್ ಮಾಡ್ಕೊಳ್ಳಿ. ಹಸಿವು, ನಿದ್ದೆ ಇಲ್ಲದ್ದು, ಒಬ್ರೇ ಇರೋದು, ಯಾರೋ ಬೈದ ದಿನ. ಜುಲೈನಲ್ಲಿ ಜಡಿಮಳೆ ಹಿಡಿದು ಎರಡು ದಿನ ಕರೆಂಟ್ ಹೋದಾಗ ನಮ್ಮ ಕಡೆ ಹುಡುಗರಿಗೆ ಈ ನಾಲ್ಕೂ ಒಟ್ಟಿಗೇ ಬರುತ್ತೆ.

4. ಮೊಬೈಲ್

ಯೋಬ 31:1ರಲ್ಲಿ ಯೋಬ ತನ್ನ ಕಣ್ಣಿನ ಜೊತೆ ಒಡಂಬಡಿಕೆ ಮಾಡ್ಕೊಂಡೆ ಅಂತಾನೆ, ಒಡಂಬಡಿಕೆ ಅಂದ್ರೆ ಅಗ್ರಿಮೆಂಟ್. ಅಗ್ರಿಮೆಂಟ್ ಅಂದ್ರೆ ಮುಂಚೆನೇ ಬರ್ದು ಸೈನ್ ಮಾಡೋದು, ಆ ಕ್ಷಣಕ್ಕೆ ತೀರ್ಮಾನ ಮಾಡೋದಲ್ಲ. ನಿಮ್ಮದೂ ಬರ್ಕೊಳ್ಳಿ. ಚಾರ್ಜರ್ ಮಲಗೋ ರೂಮಲ್ಲಿ ಇರ್ಬಾರ್ದು, ಅಡುಗೆಮನೆಯಲ್ಲೋ ಹಾಲಲ್ಲೋ ಇರ್ಲಿ, ಅಲಾರಾಂಗೆ 150-200 ರೂಪಾಯಿ ಗಡಿಯಾರ ತಗೊಳ್ಳಿ. ಹೊಲಸು ವಿಡಿಯೋ ಕಳಿಸೋ ಸ್ನೇಹಿತರ ಗ್ರೂಪ್‌ನಿಂದ ಹೊರಗೆ ಬನ್ನಿ, ಮ್ಯೂಟ್ ಮಾಡಿದ್ರೆ ಸಾಲಲ್ಲ ಯಾಕಂದ್ರೆ ಮ್ಯೂಟ್ ಮಾಡಿದ್ದನ್ನ ನಾವೇ ಹೋಗಿ ತೆಗೀತೀವಿ. ಮತ್ತಾಯ 5:29ರಲ್ಲಿ ಕಣ್ಣು ಕಿತ್ತು ಬಿಸಾಡು ಅಂತ ಇರೋದನ್ನ ಯಾರೂ ಅಕ್ಷರಶಃ ಮಾಡ್ಬಾರ್ದು, ಆದ್ರೆ ಒಂದು ಆಪ್ ಕಿತ್ತು ಬಿಸಾಡೋಕೆ ಆಗಲ್ವಾ?

ಅಶ್ಲೀಲ ಒಂದೇ ಅಲ್ಲ. ಯಾರ ಸ್ಟೇಟಸ್ ನೋಡಿದ್ರೆ ನಿಮಗೆ ಹೊಟ್ಟೆ ಉರಿಯುತ್ತೆ, ಯಾವ ಗ್ರೂಪ್ ನೋಡಿದ್ರೆ ಬೇರೆ ಧರ್ಮದವರ ಮೇಲೆ, ಬೇರೆ ಸಭೆಯವರ ಮೇಲೆ ದ್ವೇಷ ಹುಟ್ಟುತ್ತೆ, ಅದೂ ಅಷ್ಟೇ ಕೊಳೆ. ಹಾಸನಾಂಬೆ ಬಾಗಿಲು ತೆಗೆದಾಗ ಪಕ್ಕದ್ಮನೆ ಅಕ್ಕ ಸಾಲಲ್ಲಿ ನಿಂತು ದರ್ಶನ ಮಾಡ್ಕೊಂಡು ಬರ್ತಾರೆ, ಕ್ರಿಸ್ಮಸ್‌ಗೆ ನಮ್ಮ ಮನೆ ಕಲ್ಕಲ್ ತಿಂತಾರೆ, ಅವರ ಬಗ್ಗೆ ಒಳಗೆ ತಿರಸ್ಕಾರ ಇಟ್ಕೊಂಡು ಹೊರಗೆ ನಕ್ಕರೆ ಅದು ಪರಿಶುದ್ಧತೆ ಅಲ್ಲ.

5. ತೂಕ, ದುಡ್ಡು, ಲೆಕ್ಕ

ಈ ಹಂತ ಉದ್ದ ಇದೆ, ಬೇಕಂತಲೇ. ಪ್ರಸಂಗದಲ್ಲಿ ಇದನ್ನ ಕೇಳಿದ್ದು ಕಮ್ಮಿ, ನಮ್ಮ ಕಡೆ ಹೃದಯ ಕೆಡೋದು ಮಾತ್ರ ಇಲ್ಲೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಯಾಜಕಕಾಂಡ 19:36 ನ್ಯಾಯವಾದ ತಕ್ಕಡಿ, ನ್ಯಾಯವಾದ ತೂಕದ ಕಲ್ಲು ಇರ್ಬೇಕು ಅನ್ನುತ್ತೆ. ಯಾಕೋಬ 5:4 ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅನ್ನುತ್ತೆ. ನಂದೇ ಹೇಳ್ತೀನಿ. ಕಾಫಿ ಹಣ್ಣು ಕುಯ್ಯೋರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ, ಸಾಯಂಕಾಲ ತೂಕ ಹಾಕುವಾಗ ಚೀಲದ ತೂಕ ಕಳೀಬೇಕು, ಇದಕ್ಕೆ ಟೇರ್ ಅಂತಾರೆ. ಮುಂಚೆ ಇದ್ದ ಒಂದು ತೋಟದಲ್ಲಿ ಚೀಲಕ್ಕೆ ಅಂತ ಒಂದು ಕೆ.ಜಿ. ಪೂರ್ತಿ ಕಳೀತಿದ್ವಿ. ಖಾಲಿ ಚೀಲ ಅಷ್ಟು ತೂಗಲ್ಲ ಅಂತ ನಂಗೆ ಗೊತ್ತು, ಪೆನ್ನು ನನ್ನ ಕೈಯಲ್ಲೇ ಇತ್ತು, ಆದ್ರೂ "ಸಾಹುಕಾರ್ರು ಹೇಳಿದ್ದು, ನಂದೇನಿದೆ" ಅಂದ್ಕೊಂಡೆ. ಆ ಸೀಸನ್ ಪೂರ್ತಿ ನಂಗೆ ಪ್ರಾರ್ಥನೆ ಮಾಡೋಕೆ ಆಗ್ತಿರ್ಲಿಲ್ಲ, ಸೈತಾನನ ಕಾಟ ಅಂತ ಉಪವಾಸ ಬೇರೆ ಇದ್ದೆ! ಸೈತಾನ ಎಲ್ಲೂ ಇರ್ಲಿಲ್ಲ, ಮಸ್ಟರ್ ಬುಕ್ಕಲ್ಲಿ (ಹಾಜರಿ, ಕೂಲಿ ಲೆಕ್ಕದ ಪುಸ್ತಕ) ನನ್ನ ಕೈಬರಹದಲ್ಲೇ ಇದ್ದ. ಕೊನೆಗೆ ಖಾಲಿ ಚೀಲ ತೂಕ ಹಾಕಿ ತೋರಿಸ್ದೆ, ಲೆಕ್ಕ ಸರಿ ಆಯ್ತು, ಆದ್ರೆ ಅಷ್ಟೊತ್ತಿಗೆ ಅರ್ಧ ಜನ ಊರಿಗೆ ಹೋಗಾಗಿತ್ತು, ಅವರ ಬಾಕಿ ಇವತ್ತಿಗೂ ನನ್ನ ಹತ್ರ ತೀರಿಲ್ಲ.

ನೀವು ಮಾಡ್ಬೇಕಾದ್ದು ಇಷ್ಟು: ನಿಮ್ಮ ಕೆಲಸದಲ್ಲಿ ಇಂಥ "ಎಲ್ರೂ ಮಾಡ್ತಾರೆ" ಅನ್ನೋದು ಯಾವುದು ಅಂತ ಒಂದು ಬರ್ಕೊಳ್ಳಿ. ಕಾಫಿ ವ್ಯಾಪಾರ ಮಾಡೋರಿಗೆ ಮಾಯಿಶ್ಚರ್ ಮೀಟರ್ (ತೇವಾಂಶ ಅಳೆಯೋ ಯಂತ್ರ) ಮತ್ತು ಔಟ್‌ಟರ್ನ್ (ಒಣಗಿಸಿದ ಹಣ್ಣಲ್ಲಿ ಬೀಜ ಎಷ್ಟು ಸಿಗುತ್ತೆ ಅನ್ನೋ ಲೆಕ್ಕ), ಆಲೂಗಡ್ಡೆ ಮಾರೋರಿಗೆ ಮೂಟೆ ಮೇಲೆ ದಪ್ಪದ್ದು ಕೆಳಗೆ ಕೊಳೆತದ್ದು, ಆಫೀಸಲ್ಲಿ ಇರೋರಿಗೆ ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲು, ಓದೋ ಮಕ್ಕಳಿಗೆ ಕಾಪಿ ಚೀಟಿ, ಚರ್ಚ್ ಕಮಿಟಿಯವರಿಗೆ ಕಾಣಿಕೆ ಲೆಕ್ಕ. ಅದನ್ನ ಈ ವಾರ ನಿಲ್ಲಿಸಿ. ಆಮೇಲೆ ಯಾರಿಗೆ ನಷ್ಟ ಆಗಿದೆಯೋ ಅವರಿಗೆ ವಾಪಸ್ ಕೊಡಿ. ಲೂಕ 19:8ರಲ್ಲಿ ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯ, ಮೋಸ ಮಾಡಿದ್ರೆ ನಾಲ್ಕರಷ್ಟು ಕೊಡ್ತೀನಿ ಅಂದ, ನಿಮಗೆ ಒಂದರಷ್ಟಾದ್ರೂ ಕೊಡೋಕೆ ಆಗುತ್ತಲ್ಲ.

ಎಚ್ಚರಿಕೆ: ಆ ದುಡ್ಡನ್ನ ಕಾಣಿಕೆ ಡಬ್ಬಿಗೆ ಹಾಕಿ ಸರಿ ಮಾಡ್ಕೊಳ್ಳೋಕೆ ಹೋಗ್ಬೇಡಿ. ಕಳ್ಕೊಂಡವನು ಸಿಗೋ ಹಾಗಿದ್ರೆ ಅದು ಅವನ ದುಡ್ಡು, ದೇವರದಲ್ಲ.

6. ದ್ವೇಷ ಮುಗಿಸಿ

ಆಸ್ತಿ ಪಾಲಾದ್ಮೇಲೆ ಅಣ್ಣ ತಮ್ಮ ಮಾತಾಡದ ಮನೆ ನಮ್ಮಲ್ಲಿ ಎಷ್ಟಿಲ್ಲ, ಇಬ್ರೂ ಒಂದೇ ಚರ್ಚು, ಒಬ್ರು ಎಡಗಡೆ ಬೆಂಚು ಒಬ್ರು ಬಲಗಡೆ. ಮತ್ತಾಯ 5:23-24 ನೇರವಾಗಿದೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗಿ ಬಾ. ಗಮನಿಸಿ, ನಿನಗೆ ಅವನ ಮೇಲೆ ಕೋಪ ಇದ್ರೆ ಅಂತ ಅಲ್ಲ, ಅವನಿಗೆ ನಿನ್ನ ಮೇಲೆ ಏನಾದ್ರೂ ಇದೆ ಅಂತ ನೆನಪಾದ್ರೆ. ಮೊದಲ ಹೆಜ್ಜೆ ಸಣ್ಣದಿರ್ಲಿ, ಫೋನ್ ಮಾಡಿ "ಅಣ್ಣ, ಅತ್ತಿಗೆ ಆರೋಗ್ಯ ಹೇಗಿದೆ" ಅಂತ ಕೇಳಿ, ಮೊದಲನೇ ದಿನವೇ ಬೇಲಿ ವಿಷ್ಯ ಎತ್ಬೇಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಕ್ಷಮೆ ಅಂದ್ರೆ ಹೊಡೆಸ್ಕೊಂಡು ಸುಮ್ನೆ ಇರೋದಲ್ಲ. ಮನೆಯಲ್ಲಿ ಗಂಡ ಹೊಡೀತಿದ್ರೆ, ಮಗುವಿಗೆ ಯಾರಾದ್ರೂ ಕೆಟ್ಟದ್ದು ಮಾಡ್ತಿದ್ರೆ "ಕ್ಷಮಿಸಮ್ಮ, ಪ್ರಾರ್ಥನೆ ಮಾಡು" ಅಂತ ಯಾರೇ ಹೇಳಿದ್ರೂ, ಎಷ್ಟೇ ದೊಡ್ಡವರು ಹೇಳಿದ್ರೂ ಕೇಳ್ಬೇಡಿ. ತುರ್ತಿಗೆ 112, ಹೆಣ್ಣುಮಕ್ಕಳಿಗೆ 181, ಮಕ್ಕಳ ವಿಷ್ಯಕ್ಕೆ 1098. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಕಂಪ್ಲೇಂಟ್ ಕೊಡಿ, ಕ್ಷಮೆ ಆಮೇಲೆ ನಿಧಾನಕ್ಕೆ ಬಂದ್ರೂ ಪರ್ವಾಗಿಲ್ಲ.

7. ಖಾಲಿ ಬಿಡ್ಬೇಡಿ

ಮತ್ತಾಯ 12:43-45ರಲ್ಲಿ ದೆವ್ವ ಬಿಟ್ಟುಹೋದ ಮನೆಯ ಕಥೆ ಇದೆ. ಮನೆ ಗುಡಿಸಿ ಅಲಂಕಾರ ಮಾಡಿ ಖಾಲಿ ಇಟ್ಟಿದ್ರು, ಅದು ಇನ್ನೂ ಏಳು ದೆವ್ವಗಳನ್ನ ಕರ್ಕೊಂಡು ವಾಪಸ್ ಬಂತು. ಫೋನ್ ಬಿಟ್ರಿ, ಗ್ರೂಪ್ ಬಿಟ್ರಿ, ಸರಿ, ಆ ಟೈಮಿಗೆ ಏನ್ ಹಾಕಿದ್ರಿ? ವಾರಕ್ಕೆ ಒಂದು ವಾಕ್ಯ ಬಾಯಿಪಾಠ ಮಾಡಿ (ಫಿಲಿಪ್ಪಿ 4:8ರಿಂದ ಶುರು ಮಾಡಿ, ಯಾವುದರ ಬಗ್ಗೆ ಯೋಚ್ನೆ ಮಾಡ್ಬೇಕು ಅಂತ ಅಲ್ಲಿ ಪಟ್ಟಿನೇ ಇದೆ). ಹಾಸನದಿಂದ ಸಕಲೇಶಪುರಕ್ಕೆ ಬಸ್ಸಲ್ಲಿ ಓಡಾಡೋರಿಗೆ ಒಂದು ವಾಕ್ಯ ಹೇಳ್ಕೊಳ್ಳೋಕೆ ಬೇಕಾದಷ್ಟು ಟೈಮಿದೆ, ಜಪಮಾಲೆ ಹೇಳೋರು ಅದನ್ನ ಹೇಳಿ. ಕೈಗೂ ಕೆಲಸ ಕೊಡಿ: ಆಸ್ಪತ್ರೆಯಲ್ಲಿ ಒಬ್ರೇ ಇರೋ ರೋಗಿಗೆ ಗಂಜಿ ತಗೊಂಡು ಹೋಗಿ. ಫೋಟೋ ಬೇಡ.

8. ರಾತ್ರಿ ಲೆಕ್ಕ, ಮತ್ತೆ ನಿಜ ಹೇಳ್ಕೊಳ್ಳೋದು

ಜೆಸ್ವಿತ್ ಸಭೆ (ಕಥೋಲಿಕರ ಒಂದು ಗುರುಗಳ ಸಂಘ) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲಿ ಕಲಿಸಿದ ಒಂದು ಕ್ರಮ ಇದೆ, ಆತ್ಮಶೋಧನೆ ಅಂತೀವಿ, ಯಾವ ಸಭೆಯವರಾದ್ರೂ ಮಾಡ್ಬಹುದು. ಮೊದಲು ಇವತ್ತಿನ ಒಳ್ಳೇದಕ್ಕೆ ದೇವರಿಗೆ ಥ್ಯಾಂಕ್ಸ್. ನೋಡೋಕೆ ಬೆಳಕು ಕೊಡು ಅಂತ ಕೇಳೋದು. ಬೆಳಿಗ್ಗೆಯಿಂದ ರಾತ್ರಿ ತನಕ ದಿನ ತಿರುಗಿ ನೋಡೋದು. ತಪ್ಪಿದ್ರೆ ಕ್ಷಮೆ. ನಾಳೆ ಏನ್ ಮಾಡ್ತೀನಿ ಅಂತ ಒಂದೇ ತೀರ್ಮಾನ. ಜನ ಥ್ಯಾಂಕ್ಸ್ ಬಿಟ್ಟು ಸೀದಾ ತಪ್ಪು ಹುಡುಕೋಕೆ ಹೋಗ್ತಾರೆ, ಹಾಗೆ ಮಾಡಿದ್ರೆ ಒಂದು ವಾರದಲ್ಲಿ ಬೇಜಾರಾಗಿ ಬಿಡ್ತೀರಿ.

ಕಥೋಲಿಕರಿಗೆ ಪಾಪನಿವೇದನೆ ಇದೆ, ಅಂದ್ರೆ ಫಾದರ್ ಹತ್ರ ಪಾಪ ಹೇಳ್ಕೊಳ್ಳೋದು, ತಿಂಗಳಿಗೊಂದ್ಸಲ ಹೋಗಿ, ಈಸ್ಟರ್‌ಗೆ ಮುಂಚೆ ಉದ್ದ ಸಾಲಲ್ಲಿ ನಿಂತು ಎರಡು ನಿಮಿಷದಲ್ಲಿ ಮುಗಿಸೋದು ಮಾತ್ರ ಮಾಡ್ಬೇಡಿ. ಬೇರೆಯವರಿಗೆ ಯಾಕೋಬ 5:16 ಇದೆ, ಒಬ್ಬರಿಗೊಬ್ರು ಅರಿಕೆ ಮಾಡ್ಕೊಳ್ಳಿ ಅಂತ. ಯಾರಿಗೆ ಹೇಳ್ಬೇಕು? ಗಂಡಸ್ರು ಗಂಡಸ್ರಿಗೆ, ಹೆಂಗಸ್ರು ಹೆಂಗಸ್ರಿಗೆ ಹೇಳೋದು ಒಳ್ಳೇದು. ತನ್ನ ತಪ್ಪನ್ನೂ ಹೇಳೋ ಧೈರ್ಯ ಇರೋರಾಗ್ಬೇಕು. ಎಲ್ಲಕ್ಕಿಂತ ಮುಖ್ಯ, ಗುಟ್ಟು ಇಟ್ಕೊಳ್ಳೋರಾಗ್ಬೇಕು, ಯಾಕಂದ್ರೆ ನಮ್ಮಲ್ಲಿ ಚಾಡಿಗೆ ಇನ್ನೊಂದು ಹೆಸರೇ ಪ್ರಾರ್ಥನಾ ವಿನಂತಿ, "ಆ ಹುಡುಗನಿಗೋಸ್ಕರ ಪ್ರಾರ್ಥನೆ ಮಾಡಿ, ಪಾಪ ಏನಾಯ್ತು ಅಂದ್ರೆ..." ಅಂತ ಶುರುವಾದ್ರೆ ಸಂಜೆಗೆ ಬೇಲೂರು ತನಕ ಮುಟ್ಟಿರುತ್ತೆ. ಮೊದಲು ಒಂದು ಸಣ್ಣ ವಿಷ್ಯ ಹೇಳಿ ನೋಡಿ, ಹದಿನೈದು ದಿನ ಕಾಯಿರಿ, ಹೊರಗೆ ಬರ್ಲಿಲ್ಲ ಅಂದ್ರೆ ದೊಡ್ಡದು ಹೇಳಿ.

ಮತ್ತೆ ತಪ್ಪಿಗೆ ಬಿದ್ರೆ? 1 ಯೋಹಾನ 1:9. ಅರಿಕೆ ಮಾಡಿದ್ರೆ ಕ್ಷಮಿಸಿ ಶುದ್ಧಿ ಮಾಡ್ತಾನೆ. ಅದೇ ದಿನ ಎದ್ದೇಳಿ, ಭಾನುವಾರದ ತನಕ ಕಾಯ್ಬೇಡಿ.

ಎರಡು ದೊಡ್ಡ ಗುಂಡಿ

ಒಂದು, ಸ್ವಲ್ಪ ಸರಿ ಹೋದ ತಕ್ಷಣ ಬರೋ "ನಾನು ಅವರ ಹಾಗಲ್ಲ" ಅನ್ನೋ ಯೋಚ್ನೆ. ಲೂಕ 18ರಲ್ಲಿ ದೇವಾಲಯಕ್ಕೆ ಪ್ರಾರ್ಥನೆಗೆ ಬಂದ ಫರಿಸಾಯ (ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದ್ಯ) ಸುಳ್ಳೇನೂ ಹೇಳ್ತಿಲ್ಲ ನೋಡಿ, ವಾರಕ್ಕೆ ಎರಡು ಉಪವಾಸ, ಹತ್ತನೇ ಒಂದು ಪಾಲು, ಎಲ್ಲಾ ನಿಜವೇ ಇರ್ಬೇಕು. ಆದ್ರೂ ನೀತಿವಂತ ಅಂತ ಮನೆಗೆ ಹೋದವನು ಹಿಂದೆ ನಿಂತಿದ್ದ ಸುಂಕದವನು. 12ರ ಪಟ್ಟಿಯಲ್ಲಿ ಸೊಕ್ಕು ಅಂತ ಒಂದು ಸಾಲಿತ್ತಲ್ಲ, ಅದರ ಎದುರಿಗೆ ನೀವು ಏನೂ ಬರ್ದಿಲ್ಲ ಅಂದ್ರೆ ಇನ್ನೊಂದ್ಸಲ ನೋಡಿ.

ಇನ್ನೊಂದು ಇದರ ಉಲ್ಟಾ. ಕೆಲವರಿಗೆ ಎಷ್ಟು ಅರಿಕೆ ಮಾಡಿದ್ರೂ ಸಮಾಧಾನ ಇಲ್ಲ, ಅದೇ ತಪ್ಪು ಹತ್ತು ಸಲ ಹೇಳ್ತಾರೆ, ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದ್ರೆ ಮೊದಲಿಂದ ಶುರು ಮಾಡ್ತಾರೆ, ದೇವರನ್ನ ಬೈಯೋ ಯೋಚ್ನೆ ತಾನಾಗೇ ಬರುತ್ತೆ ಅಂತ ಹೆದರಿ ನಿದ್ದೆ ಬಿಡ್ತಾರೆ. ಇದು ಪಾಪ ಅಲ್ಲ, ನಂಬಿಕೆ ಕಮ್ಮಿ ಅಂತನೂ ಅಲ್ಲ, ಗೀಳು ಕಾಯಿಲೆ ಇರ್ಬಹುದು, ಅದಕ್ಕೆ ಚಿಕಿತ್ಸೆ ಇದೆ. ಅಂಥವರು ನಾನು ಹೇಳಿದ ಪಟ್ಟಿ, ನೋಟ್‌ಬುಕ್ ಎಲ್ಲಾ ಬಿಟ್ಬಿಡಿ, ಅದ್ರಿಂದ ಜಾಸ್ತಿ ಆಗುತ್ತೆ. ಮನೋವೈದ್ಯರನ್ನ ನೋಡಿ, ಅಥವಾ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.

ಎಂಟೂ ಒಟ್ಟಿಗೆ ಶುರು ಮಾಡ್ಬೇಡಿ. ಇವತ್ತು ರಾತ್ರಿ 8ನೇದರ ಮೊದಲ ಭಾಗ, ನಾಳೆ ಬೆಳಿಗ್ಗೆ 1ನೇದು, ಒಂದು ವಾರ ಅಷ್ಟೇ ಮಾಡಿ. ಶನಿವಾರ ಸಾಯಂಕಾಲ ಕೂತು 2ನೇ ಹಂತದ ಪಟ್ಟಿ ಬರೀರಿ. 5ನೇದಕ್ಕೆ ಮಾತ್ರ ಮುಂದಿನ ಬಟವಾಡೆ ದಿನ ಮುಗಿಯೋಕೆ ಬಿಡ್ಬೇಡಿ. ಚಾರ್ಜರ್ ಈಗ್ಲೇ ಎದ್ದು ಹಾಲಿಗೆ ಸಾಗಿಸಿ.